ರಕ್ತ ನಿಂತರೆ ಬೆದೆ ಮುಗಿಯಿತು ಎನ್ನುವವರ ಕೈಗೆ ನಿಮ್ಮ ಹೆಣ್ಣುನಾಯಿಯನ್ನು ಕೊಡಬೇಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ನಾಯಿ ಸಾಕುವುದರಲ್ಲಿ ನಾನೇನು ಹೊಸಬನಲ್ಲ. ನಮ್ಮ ಲ್ಯಾಬ್ರಡಾರ್ ಜೂಲಿಗೆ ಮೂರು ವರ್ಷ ತುಂಬಿದೆ, ಈ ಮೊದಲು ನಾಲ್ಕು ಸಲ ಬೆದೆಗೆ ಬಂದಾಗಲೂ ಕಲಬುರಗಿಯ ನಮ್ಮ ಮನೆಯಲ್ಲಿಯೇ ಯಾವ ಅನಾಹುತವೂ ಆಗದಂತೆ ನೋಡಿಕೊಂಡಿದ್ದೇವೆ. ಆದರೂ ಮೋಸಹೋದೆ, ಅದೂ ನಾಲ್ಕು ಸಿಹಿ ಮಾತಿಗೆ.

ಈ ಸಲ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ರಕ್ತದ ಹನಿ ಕಂಡ ದಿನದಿಂದ ಏಳನೆಯ ದಿನಕ್ಕೆ ನಾವು ಸೊಲ್ಲಾಪುರಕ್ಕೆ ಮದುವೆಗೆ ಹೋಗಬೇಕಾಗಿತ್ತು. ಊರ ಹೊರಗೆ ನಾಯಿಗಳನ್ನು ಇಟ್ಟುಕೊಳ್ಳುವ ಒಬ್ಬರ ಬಳಿ ವಿಚಾರಿಸಿದೆ. ನಾಯಿ ಹೀಟಿನಲ್ಲಿದೆ ಎಂದು ಮೊದಲೇ, ಸ್ಪಷ್ಟವಾಗಿ, ಎರಡು ಸಲ ಹೇಳಿದೆ. "ಬ್ಯಾರೆ ಖೋಲಿ ಅದರಿ, ಗಂಡು ನಾಯಿ ಆ ಕಡಿ ಸುಳಿಯಂಗಿಲ್ಲ, ನೀವು ಬೇಫಿಕರ್ ಹೋಗಿ ಬರ್ರಿ" ಎಂದರು. ದಿನಕ್ಕೆ 450 ರೂಪಾಯಿಯಂತೆ ಎಂಟು ದಿನಕ್ಕೆ 3,600, ಅದರ ಮೇಲೆ ಹೀಟ್ ಚಾರ್ಜ್ ಎಂದು 800, ಒಟ್ಟು 4,400 ರೂಪಾಯಿಯನ್ನು ಮುಂಗಡವಾಗಿ ಕೊಟ್ಟೆ. ಬೇರೆ ಖೋಲಿಯನ್ನು ಒಳಹೊಕ್ಕು ನೋಡಲಿಲ್ಲ. ಬಾಗಿಲಲ್ಲಿಯೇ ನಿಂತು ಹಣ ಎಣಿಸಿ ಕೊಟ್ಟು ಬಂದೆ. ಈ ಮಾತನ್ನು ಬರೆಯುವಾಗ ಈಗಲೂ ಕೈ ಬಿಸಿಯಾಗುತ್ತದೆ.

ಜೂಲಿಯ ಜೊತೆ ನನ್ನ ಹೆಂಡತಿ ಹಳೆಯ ಇಳಕಲ್ ಸೀರೆಯ ಮೆತ್ತನೆಯ ಹಾಸು, ಬಾಲಕ್ಕೆ ತೂತು ಬಿಟ್ಟು ಹೊಲಿದ ಆರು ಬಟ್ಟೆಯ ಚಡ್ಡಿಗಳು, ಎಲ್ಲವನ್ನೂ ಕೊಟ್ಟು, ಮೂರು ನಾಲ್ಕು ತಾಸಿಗೊಮ್ಮೆ ಬದಲಿಸಬೇಕು, ನಡುನಡುವೆ ಬಿಚ್ಚಿ ಗಾಳಿಯಾಡಲು ಬಿಡಬೇಕು, ಈ ದಿನಗಳಲ್ಲಿ ಊಟ ಕಡಿಮೆ ಮಾಡುತ್ತಾಳೆ, ಒತ್ತಾಯಿಸಬಾರದು, ತಣ್ಣನೆಯ ನೆಲ ಮತ್ತು ನೀರು ಸದಾ ಇರಬೇಕು ಎಂದು ಚಿಕ್ಕ ಮಗುವನ್ನು ಬಿಟ್ಟುಹೋಗುವವರಂತೆ ಹೇಳಿದ್ದಳು. ಅವರು ಎಲ್ಲದಕ್ಕೂ ತಲೆಯಾಡಿಸಿದರು. ದಿನವೂ ಒಂದು ಫೋಟೋ ಕಳಿಸಿದರು. ಮೊದಲ ಮೂರು ದಿನದ ಮೂರು ಫೋಟೋಗಳಲ್ಲಿಯೂ ಅದೇ ನೀಲಿ ಚಡ್ಡಿ, ಅದರ ಎಡಬದಿಗೆ ಅದೇ ಹುಣಸೆಬೀಜದಷ್ಟು ಕಲೆ. ಮದುವೆಯ ಗದ್ದಲದಲ್ಲಿ ನಾನು ಅದನ್ನು ಕಂಡೂ ಕಾಣದಂತೆ ಇದ್ದುಬಿಟ್ಟೆ.

ಹದಿನೈದನೆಯ ದಿನ ಕರೆತರಲು ಹೋದಾಗ ಜೂಲಿ ಅಂಗಳದಲ್ಲಿಯೇ ಇದ್ದಳು. ನಾಲ್ಕು ಹೆಜ್ಜೆ ಆಚೆ ಒಂದು ಗಂಡು ಜರ್ಮನ್ ಶೆಫರ್ಡ್ ಕಟ್ಟಿಲ್ಲದೆ ಓಡಾಡುತ್ತಿತ್ತು. ಚಡ್ಡಿ ಇರಲಿಲ್ಲ, ತೊಡೆಯ ಸಂದಿನ ಚರ್ಮ ಕೆಂಪಾಗಿ ಒದ್ದೆಯಾಗಿತ್ತು, ಕತ್ತಿನ ಹಿಂದಿನ ಕೂದಲು ಜೊಲ್ಲಿನಿಂದ ಅಂಟಿಕೊಂಡಿತ್ತು. ಕಸ ಗುಡಿಸುತ್ತಿದ್ದ ಹುಡುಗ, ಪಾಪ, ಸುಳ್ಳು ಹೇಳಲು ಅವನಿಗೆ ಯಾರೂ ಕಲಿಸಿರಲಿಲ್ಲ: "ಮೊನ್ನಿ ಎರಡೂ ಅರ್ಧ ತಾಸು ಕೂಡಿಕೊಂಡಿದ್ವು ಸರ್, ನೀರು ಹಾಕಿದ್ರೂ ಬಿಡಲಿಲ್ಲ." ಹಾಗೆ ಗಂಟು ಬಿದ್ದ ನಾಯಿಗಳನ್ನು ಎಳೆದರೆ ಎರಡಕ್ಕೂ ಗಾಯವಾಗುತ್ತದೆ, ತಾವಾಗಿ ಬಿಡುವವರೆಗೆ ಸುಮ್ಮನಿರಬೇಕು, ಇವರು ನೀರು ಸುರಿದಿದ್ದಾರೆ.

ಮಾಲೀಕರ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ. "ರಕ್ತ ಕಡಿಮಿ ಆಗಿತ್ರಿ, ಹೀಟ್ ಮುಗೀತು ಅಂತ ಬಿಟ್ಟೇವ್ರಿ." ನಾನು ಸಿಟ್ಟಿನಲ್ಲಿ ಕೂಗಾಡಿದಾಗ, "ಜಾತಿ ನಾಯಿ ಅದರಿ, ಬ್ಯಾರೆಯವರ ಕಡಿಂದ ಕ್ರಾಸಿಂಗಿಗೆ ರೊಕ್ಕ ತಗೋತೀವಿ, ನಿಮಗ ಬಿಟ್ಟೀನಿ" ಎಂದರು. ನನ್ನ ನಾಯಿಯನ್ನು ಹಾಳುಮಾಡಿ, ಅದಕ್ಕೆ ಹಣ ಬಿಟ್ಟಿದ್ದಾರಂತೆ! ಆ 800 ರೂಪಾಯಿ ಯಾವುದಕ್ಕೆ ಎಂದು ಕೇಳಿದರೆ, "ಅದು ಸಫಾಯಿದ್ದರಿ" ಎಂಬ ಉತ್ತರ. ಕೊನೆಗೆ, "ಒಂದು ಇಂಜೆಕ್ಷನ್ ಕೊಡಸ್ರಿ, ಎಲ್ಲಾ ಕ್ಲಿಯರ್ ಆಗ್ತದ" ಎಂಬ ಸಲಹೆ ಬೇರೆ.

ಆ ರಾತ್ರಿ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾಮಾ, ರಕ್ತ ತಿಳಿಯಾಗೋದೇ ಖರೇ ಅಪಾಯದ ಹೊತ್ತು" ಎಂದ. ಮೊದಲ ಒಂಬತ್ತು ದಿನದ ಆಸುಪಾಸು ರಕ್ತ ದಟ್ಟವಾಗಿದ್ದು ಹೆಣ್ಣು ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆಮೇಲಿನ ಅಷ್ಟೇ ದಿನಗಳಲ್ಲಿ ಸ್ರಾವ ತೆಳುವಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಹೆಣ್ಣು ಬಾಲವನ್ನು ಪಕ್ಕಕ್ಕೆ ಸರಿಸಿ ನಿಲ್ಲುತ್ತದೆ, ಗರ್ಭ ನಿಲ್ಲುವುದು ಆಗಲೇ. ಒಂದೊಂದು ನಾಯಿಗೆ ದಿನಗಳು ಹಿಂದುಮುಂದಾಗುತ್ತವೆ, ಆದ್ದರಿಂದ ಮೂರು ವಾರ ಕಳೆದು ಜನನಾಂಗದ ಬಾವು ಪೂರ್ತಿ ಇಳಿಯುವವರೆಗೆ ಒಳಗೇ ಇರಿಸಬೇಕು, ಚಡ್ಡಿ ನೆಲವನ್ನು ಉಳಿಸುತ್ತದೆಯೇ ಹೊರತು ನಾಯಿಯನ್ನಲ್ಲ ಎಂದ. ಆ ಇಂಜೆಕ್ಷನ್ನಿನ ವಿಷಯ ಕೇಳಿ ಅವನಿಗೆ ಸಿಟ್ಟೇ ಬಂತು. ಗರ್ಭ ನಿಲ್ಲದಂತೆ ಕೊಡುವ ಈಸ್ಟ್ರೋಜನ್ ಎಂಬ ಹಾರ್ಮೋನಿನ ಚುಚ್ಚುಮದ್ದಿನಿಂದ ಗರ್ಭಕೋಶದಲ್ಲಿ ಕೀವು ತುಂಬಬಹುದು, ಎಲುಬಿನ ಮಜ್ಜೆಯೂ ಕೆಡಬಹುದು. ಬೆದೆ ಮುಗಿದ ಎಂಟು ವಾರದೊಳಗೆ ಅತಿಯಾಗಿ ನೀರು ಕುಡಿಯುವುದು, ಮಂಕಾಗುವುದು, ಕೀವು ಸೋರುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕಂತೆ. ಒಳಗೇ ಕೀವು ಕಟ್ಟಿದರೆ ಸೋರುವುದೂ ಇಲ್ಲ.

ನೀವು ಯಾರ ಬಳಿಯಾದರೂ ಬಿಡುವುದಾದರೆ ಖೋಲಿಯೊಳಗೆ ನಡೆದು ಹೋಗಿ ಅಗುಳಿ ಎಳೆದು ನೋಡಿ, ಗಂಡುನಾಯಿಗಳು ಎಲ್ಲಿವೆ ಎಂದು ಕೇಳಿ, ಅರ್ಧಕ್ಕಿಂತ ಹೆಚ್ಚು ಮುಂಗಡ ಕೊಡಬೇಡಿ. ಅದಕ್ಕಿಂತ ಒಳ್ಳೆಯದು ಮದುವೆಯನ್ನೇ ಬಿಡುವುದು. ನಾನು ಈಗ ಹಾಗೆಯೇ ಅಂದುಕೊಳ್ಳುತ್ತೇನೆ.

ಜೂಲಿ ಹಾಸಿನ ಮೇಲೆ ಮಲಗಿದ್ದಾಳೆ, ತೊಡೆಯ ಗಾಯ ಒಣಗಿದೆ. ಗರ್ಭ ನಿಂತಿದೆಯೋ ಇಲ್ಲವೋ ಎಂದು ತಿಳಿಯಲು ಮುಂದಿನ ವಾರ ಸ್ಕ್ಯಾನ್ ಮಾಡಿಸಬೇಕು. ಹಣ ವಾಪಸು ಕೇಳಿ ನಿನ್ನೆ ಮೂರನೆಯ ಸಲ ಬರೆದಿದ್ದೆ. ಇಂದು ಬೆಳಿಗ್ಗೆ ಉತ್ತರ ಬಂತು: "ಮರಿ ಆದ್ರ ಒಂದು ಗಂಡು ನಮಗ ಇಡ್ರಿ ಸರ್."