ಹಿಂದಿನ ಪಗಾರ ಕೇಳಿದಾಗ ಪಿಎಫ್ ಪಾಸ್‌ಬುಕ್ ಎಷ್ಟು ಕೆಲಸಕ್ಕೆ ಬರುತ್ತದೆ?

ಸೇಡಂನ ಸಿಮೆಂಟ್ ಫ್ಯಾಕ್ಟರಿಯಿಂದ ಹೈದರಾಬಾದಿಗೋ, ಕಲಬುರಗಿಯ ಆಸ್ಪತ್ರೆಯಿಂದ ಬೆಂಗಳೂರಿಗೋ ಕೆಲಸ ಬದಲಿಸುವವರಿಗೆ "ಈಗ ಎಷ್ಟು ತಗೋತೀರಿ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಬೆನ್ನಿಗೇ ಪಿಎಫ್ ಪಾಸ್‌ಬುಕ್ ಕೇಳುತ್ತಾರೆ. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ಈ ಆನ್‌ಲೈನ್ ಸೇವೆ ಪುಕ್ಕಟೆ. ಯುಎಎನ್ (ನಿಮ್ಮ ಪಿಎಫ್ ನಂಬರ್), ಪಾಸ್‌ವರ್ಡ್, ಓಟಿಪಿ ಇದ್ದರೆ ಸಾಕು, ಕಚೇರಿಗೆ ಅಲೆಯಬೇಕಿಲ್ಲ. ಯಾವ ಕಂಪನಿಯಲ್ಲಿ ಯಾವಾಗಿಂದ ಇದ್ದಿರಿ ಅನ್ನೋದಕ್ಕೆ ಇದು ಗಟ್ಟಿ ದಾಖಲೆ. ಪಗಾರಕ್ಕೆ ಪುರಾವೆ ಅಂತ ಇದನ್ನೊಂದೇ ಕೊಟ್ಟರೆ ಮಾತ್ರ ನಿಮಗೇ ಲುಕ್ಸಾನು.

ಪಿಎಫ್ ಕಟ್ ಆಗೋದು ಬೇಸಿಕ್ (ಮೂಲ ಪಗಾರ) ಮತ್ತು ಡಿಎ (ತುಟ್ಟಿಭತ್ಯೆ) ಮೇಲೆ 12%. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಓಟಿ (ಓವರ್‌ಟೈಮ್) ಲೆಕ್ಕಕ್ಕೆ ಬರೋದಿಲ್ಲ. ಸಾಲದ್ದಕ್ಕೆ, 2014ರಲ್ಲಿ 6,500ರಿಂದ 15,000 ರೂಪಾಯಿಗೆ ಏರಿಸಿದ ಪಿಎಫ್ ವೇತನ ಮಿತಿಯ ಮೇಲಷ್ಟೇ ಪಿಎಫ್ ಕಟ್ಟುವ ಕಂಪನಿಗಳು ಬಹಳ. ಹಾಗಾಗಿ ಬೇಸಿಕ್ 18,000, ಗ್ರಾಸ್ (ಕಡಿತಕ್ಕೆ ಮುಂಚಿನ ಒಟ್ಟು ಪಗಾರ) 32,000 ಇದ್ದವರ ಪಾಸ್‌ಬುಕ್ಕಿನಲ್ಲೂ ಕಾಣೋದು ಇಷ್ಟೇ: ವೇತನ 15,000, ನಿಮ್ಮ ಪಾಲು 1,800, ಕಂಪನಿ ಪಾಲು 550, ಪಿಂಚಣಿಗೆ 1,250. ಎಚ್‌ಆರ್ ಈ ಸಾಲು ನೋಡಿ "ನಿಮ್ ಪಗಾರ ಹದಿನೈದೇ ಅದ ಅಲ್ರಿ" ಅಂದರೆ ಅಲ್ಲಿಂದ ಮೇಲೇರಿಸೋದು ಬಹಳ ಕಷ್ಟ. ಪಾಸ್‌ಬುಕ್ ಜೊತೆ ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16ರ (ಕಂಪನಿ ಕೊಡುವ ಟಿಡಿಎಸ್ ಸರ್ಟಿಫಿಕೇಟ್) ಪಗಾರದ ವಿವರ ಇರುವ ಭಾಗ ಬಿ ಇಡಿ. ಫಾರ್ಮ್ 16 ಹೋದ ಹಣಕಾಸು ವರ್ಷದ್ದು. ಆಮೇಲೆ ಇನ್‌ಕ್ರಿಮೆಂಟ್ ಆಗಿದ್ದರೆ ಆ ಪತ್ರವೂ ಬೇಕು.

ಇವೆಲ್ಲ ಕಳಿಸೋದು ಎರಡನೇ ಮಾತು. ಮೊದಲು ಕೇಳಿ: "ಈ ಪೋಸ್ಟಿಗೆ ಎಷ್ಟು ಬಜೆಟ್ ಇಟ್ಟೀರಿ ಸರ್?" ಅವರು ಬಿಡದಿದ್ದರೆ ಗ್ರಾಸ್, ಇನ್ಸೆಂಟಿವ್, ಸಿಟಿಸಿ (ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು) ಬೇರೆಬೇರೆ ಹೇಳಿ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಎಷ್ಟೋ ಕಡೆ ಬೇಸಿಕ್‌ನ 4.81% ಗ್ರಾಚ್ಯುಟಿಯೂ ಸೇರಿರುತ್ತದೆ. ನಿಮ್ಮ ಗ್ರಾಸನ್ನು ಅವರ ಸಿಟಿಸಿ ಪಕ್ಕ ಇಟ್ಟರೆ ಏರಿಕೆ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂಕಿ ಉಬ್ಬಿಸಿ ಹೇಳಲೇಬೇಡಿ. ಪೇಸ್ಲಿಪ್ ತಾಳೆ ಆಗದಿದ್ದರೆ ಆಫರ್ ವಾಪಸ್ ಹೋಗಬಹುದು.

ಪಾಸ್‌ಬುಕ್ ತಕ್ಷಣ ಅಪ್‌ಡೇಟ್ ಆಗೋದಿಲ್ಲ. ಕಂಪನಿ ಮುಂದಿನ ತಿಂಗಳ 15ರೊಳಗೆ ಹಣ ಕಟ್ಟಿದ ಮೇಲೆ ಎಂಟ್ರಿ ಬರುತ್ತದೆ. ಕೆಲಸ ಬಿಟ್ಟ ದಿನಾಂಕವನ್ನು ಹಳೇ ಕಂಪನಿ ಹಾಕದಿದ್ದರೆ ಎರಡೂ ಕಡೆ ಒಟ್ಟಿಗೆ ದುಡಿದಂತೆ ಕಾಣಬಹುದು. ಕೊನೆಯ ಪಿಎಫ್ ಕಂತಿನಿಂದ ಎರಡು ತಿಂಗಳು ಕಳೆದರೆ ಯುಎಎನ್ ಪೋರ್ಟಲ್‌ನಲ್ಲಿ ಅದನ್ನು ನೀವೇ ತುಂಬಬಹುದು. ಅಲ್ಲಿಯವರೆಗೆ ರಿಲೀವಿಂಗ್ ಲೆಟರ್ ಕೈಯಲ್ಲಿರಲಿ.