ಚಾಕೊಲೇಟಿನ ಮೇಲಿನ ಫೇರ್‌ಟ್ರೇಡ್ ಮುದ್ರೆ: ಒಂದು ವರ್ಷದ ಬಳಕೆಯ ನಂತರ

ಒಂದು ವರ್ಷದಿಂದ ಮನೆಗೆ ಫೇರ್‌ಟ್ರೇಡ್ ಮುದ್ರೆಯಿರುವ, ಅಂದರೆ ಬೆಳೆಗಾರರಿಗೆ ನ್ಯಾಯವಾದ ಷರತ್ತುಗಳಲ್ಲಿ ಬೀಜ ಕೊಂಡದ್ದೆಂದು ಪ್ರಮಾಣೀಕರಿಸಿದ ಚಾಕೊಲೇಟನ್ನಷ್ಟೇ ತರುತ್ತಿದ್ದೇನೆ. ಶೇ. 70ರಷ್ಟು ಕೋಕೋ ಇರುವ ಬಾರ್ ಹದವಾದ ಕಹಿಯಿಂದ ಕೂಡಿದ್ದು, ನಯವಾಗಿ ಕರಗುತ್ತದೆ. ಆದರೆ ನಾನು ಹೆಚ್ಚಿನ ಹಣ ಕೊಟ್ಟದ್ದು ಮುದ್ರೆಗಾಗಿ. ಆದ್ದರಿಂದ ಈ ವಿಮರ್ಶೆಯೂ ಅದರದ್ದೇ.

ಜಗತ್ತಿನ ಕೋಕೋದಲ್ಲಿ ದೊಡ್ಡ ಪಾಲು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾಗಳಿಂದ ಬರುತ್ತದೆ. ಅಲ್ಲಿ ಸುಮಾರು 15.6 ಲಕ್ಷ ಮಕ್ಕಳು ಕೋಕೋ ತೋಟಗಳಲ್ಲಿ ಬಾಲಕಾರ್ಮಿಕರಾಗಿದ್ದಾರೆಂದು 2020ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆಯ ಅಧ್ಯಯನ ಅಂದಾಜಿಸಿತು. ಅವರಲ್ಲಿ ಹೆಚ್ಚಿನವರು ದುಡಿಯುವುದು ತಂದೆತಾಯಿಯರ ಸ್ವಂತ ತೋಟದಲ್ಲಿಯೇ. ಕಳೆ ತೆಗೆಯಲು, ಕಾಯಿ ಕೊಯ್ಯಲು, ಮಚ್ಚಿನಿಂದ ಅದನ್ನು ಒಡೆಯಲು, ಹಸಿ ಬೀಜವನ್ನು ಹೊರಲು ಕೂಲಿಯಾಳು ಬೇಕಾದರೆ ಬೀಜ ಮಾರಾಟವಾಗುವ ಮೊದಲೇ ಕೈಯಲ್ಲಿ ಹಣವಿರಬೇಕು. ಹಳೆಯ ಮರಗಳ ಕೆಲವೇ ಎಕರೆ ತೋಟವುಳ್ಳವರಲ್ಲಿ ಆ ಹಣವಿರುವುದಿಲ್ಲ. ಮಗುವಿನ ದುಡಿಮೆಗೆ ಮುಂಗಡ ಕೊಡಬೇಕಿಲ್ಲ. ಶಾಲೆ ದೂರವಿದ್ದು, ಜನನ ಪ್ರಮಾಣಪತ್ರವೂ ಇಲ್ಲದಿದ್ದರೆ ಮುಂದಿನ ತರಗತಿಗಳ ದಾರಿ ಇನ್ನಷ್ಟು ಕಿರಿದಾಗುತ್ತದೆ. ಮಕ್ಕಳನ್ನು ಪ್ರೀತಿಸದ ತಂದೆತಾಯಿಯರು ಎಂದು ದೂರುವವರು ಈ ಲೆಕ್ಕವನ್ನು ಒಮ್ಮೆ ಕುಳಿತು ಹಾಕಬೇಕೆಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಈ ಲೆಕ್ಕಕ್ಕೆ ಮುದ್ರೆ ಏನು ಸೇರಿಸುತ್ತದೆ? ಮಾರುಕಟ್ಟೆ ಕುಸಿದಾಗ ಆಸರೆಯಾಗುವ ಕನಿಷ್ಠ ಬೆಲೆಯಿದೆ. 2019ರ ಅಕ್ಟೋಬರ್‌ನಿಂದ ಬೆಲೆಯ ಮೇಲೆ ಟನ್ನಿಗೆ 240 ಡಾಲರ್ ಹೆಚ್ಚುವರಿ ಮೊತ್ತ (ಪ್ರೀಮಿಯಂ) ಬೆಳೆಗಾರರ ಸಹಕಾರ ಸಂಘಕ್ಕೆ ಸಲ್ಲುತ್ತಿದೆ, ಅದರ ಖರ್ಚನ್ನು ಸದಸ್ಯರೇ ತೀರ್ಮಾನಿಸುತ್ತಾರೆ. ತೀರ್ಮಾನದ ಅಧಿಕಾರ ಬೆಳೆಗಾರರಲ್ಲಿಯೇ ಇರುವುದು ಈ ವ್ಯವಸ್ಥೆಯ ಬಹು ದೊಡ್ಡ ಗುಣ. ಆದರೆ ಆ ಮೊತ್ತ ಸಂಘದ ಎಲ್ಲ ಕೆಲಸಗಳಿಗೆ ಹಂಚಿಹೋದ ಮೇಲೆ, ಒಂದೆರಡು ಟನ್ ಬೆಳೆಯುವ ಕುಟುಂಬವು ಸುಗ್ಗಿಯುದ್ದಕ್ಕೂ ಆಳನ್ನು ಇಟ್ಟುಕೊಳ್ಳುವಷ್ಟು ಉಳಿಯದು. ಸಂಘದ ಬೆಳೆಯೆಲ್ಲವೂ ಈ ಷರತ್ತಿನಲ್ಲಿಯೇ ಮಾರಾಟವಾಗುತ್ತದೆ ಎಂಬ ಖಾತರಿಯೂ ಇಲ್ಲ.

ಹೊದಿಕೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಮಾಸ್ ಬ್ಯಾಲೆನ್ಸ್’ ಎಂದಿದೆ. ಕಾರ್ಖಾನೆಯಲ್ಲಿ ಫೇರ್‌ಟ್ರೇಡ್ ಬೀಜವೂ ಸಾಮಾನ್ಯ ಬೀಜವೂ ಬೆರೆಯಬಹುದು, ಫೇರ್‌ಟ್ರೇಡ್ ಎಂದು ಖರೀದಿಸಿದ ಮತ್ತು ಮಾರಿದ ಪ್ರಮಾಣಗಳು ತಾಳೆಯಾದರೆ ಸಾಕು ಎಂಬುದು ಅದರ ಅರ್ಥ. ಬೆಳೆಗಾರನಿಗೆ ಇದರಿಂದ ನಷ್ಟವಿಲ್ಲ. ಆದರೆ ನನ್ನ ಕೈಯಲ್ಲಿರುವ ತುಂಡು ಯಾವ ತೋಟದ್ದೆಂದು ಹೇಳಲಾಗದು. ಇದನ್ನು ಮುಂಬದಿಯಲ್ಲಿಯೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಕ್ಯೂಆರ್ ಕೋಡ್ ತೆರೆದಾಗ ನಗುವ ಬೆಳೆಗಾರರ ಚಿತ್ರಗಳು ಸಿಕ್ಕವೇ ಹೊರತು ಬೆಲೆಯ ವಿವರ ಸಿಗಲಿಲ್ಲ. ಬಾಲದುಡಿಮೆ ಪತ್ತೆಯಾದ ಕುಟುಂಬಕ್ಕೆ ಏನು ನೆರವು ದೊರೆಯುತ್ತದೆ ಎಂದು ತಯಾರಕರಿಗೆ ಪತ್ರ ಬರೆದೆ. ಧನ್ಯವಾದ ಹೇಳುವ ಎರಡು ಸಾಲು ಬಂತು. ತೋಟದಿಂದ ಮಗುವನ್ನು ಕಳುಹಿಸಿಬಿಟ್ಟರೆ ಅದು ನೆರೆಯ ತೋಟಕ್ಕೆ ಹೋಗಬಹುದಾದ್ದರಿಂದ ಈ ಪ್ರಶ್ನೆಗೆ ಉತ್ತರ ಬೇಕೇ ಬೇಕು.

ಖರೀದಿ ಮುಂದುವರಿಸುತ್ತೇನೆ. ಸದ್ಯಕ್ಕೆ ಐದರಲ್ಲಿ ಮೂರು ಅಂಕ. ಬೆಳೆಗಾರನಿಗೆ ಕಿಲೋಗೆ ಸಂದ ಬೆಲೆಯನ್ನು ಹೊದಿಕೆಯ ಮೇಲೆ ಅಚ್ಚುಹಾಕಿದರೆ ನಾಲ್ಕನೆಯದನ್ನು ಸಂತೋಷದಿಂದ ಕೊಡುತ್ತೇನೆ.