ವಿಕ್ಟೋರಿಯಾ ಕಾಲದ ಜೆಟ್ ಅಂತ ಹೇಳಿ ಕರಿ ಗಾಜು ಕೊಟ್ಟರು

ಇಂಗ್ಲೆಂಡಿನಲ್ಲಿರುವ ನಮ್ಮವರು ಯಾರಾದರೂ ಹಳೆ ಒಡವೆ ಕೊಳ್ಳೋಕೆ ಹೊರಟಿದ್ದರೆ ಇದನ್ನೊಂದು ಸಲ ಓದಿ. ನಾನು 140 ಪೌಂಡ್ ಕಳೆದುಕೊಂಡು ಕೂತಿದ್ದೇನೆ.

ಹೋದ ವರ್ಷ ಹಳೆ ಸಾಮಾನಿನ ಸಂತೆಯೊಂದರಲ್ಲಿ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಕಪ್ಪು ಬ್ರೂಚ್ ಕಣ್ಣಿಗೆ ಬಿತ್ತು. ಒಂದು ಗುಲಾಬಿ, ಎರಡು ಎಲೆ. ವಿಟ್‌ಬಿ ಜೆಟ್, 1860ರ ದಶಕದ್ದು ಅಂದರು ಅಂಗಡಿಯವರು. ಜೆಟ್ ಅಂದರೆ ಒಡವೆ ಕೆತ್ತುವ, ಕಪ್ಪು ಕಲ್ಲಿನಂಥ ವಸ್ತು; ವಿಟ್‌ಬಿ ಅದಕ್ಕೆ ಹೆಸರಾದ ಊರು. ಆಮೇಲೆ ಕಥೆ ಶುರು. 1861ರ ಡಿಸೆಂಬರಿನಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡರಂತೆ, ರಾಣಿ ವಿಕ್ಟೋರಿಯಾ 1901ರಲ್ಲಿ ತಾನು ಸಾಯುವ ತನಕ ಕಪ್ಪು ಬಟ್ಟೆ ಬಿಡಲಿಲ್ಲವಂತೆ, ಅವರನ್ನು ನೋಡಿ ಊರೆಲ್ಲ ಕಪ್ಪು ಒಡವೆ ಹಾಕಿತಂತೆ. ಕಥೆಯೇನೋ ನಿಜವೇ. ನಾನು ಆ ಕಥೆಗೇ ದುಡ್ಡು ಕೊಟ್ಟು ಬಂದೆ.

ಆಗ ಅಮ್ಮ ಶಿವಮೊಗ್ಗದಿಂದ ಬಂದಿದ್ದರು. "ಸೂತಕದ ಒಡವೇನ ದುಡ್ಡು ಕೊಟ್ಟು ತಂದ್ಯಾ?" ಅಂತ ಮೊದಲು ಬೈದರು. ಆಮೇಲೆ ಅಂಗೈಯಲ್ಲಿಟ್ಟು ತೂಗಿದರು, ಕೆನ್ನೆಗೆ ಒತ್ತಿಕೊಂಡರು. "ತಣ್ಣಗಿದೆ ಕಣೇ. ನಮ್ಮ ಕರಿಮಣಿ ಥರಾನೇ, ಗಾಜು." ನಾನು ನಕ್ಕುಬಿಟ್ಟೆ.

ಮೂರು ತಿಂಗಳಾದ ಮೇಲೆ ಯಾರ್ಕ್‌ಷೈರ್ ಕಡಲ ದಂಡೆಯ ವಿಟ್‌ಬಿಗೇ ಹೋಗಿದ್ದೆವು. ಜೆಟ್ ಕೆತ್ತುವವರೊಬ್ಬರಿಗೆ ಬ್ರೂಚ್ ತೋರಿಸಿದೆ. ಅವರು ಗುಲಾಬಿಯನ್ನು ನೋಡಲೇ ಇಲ್ಲ, ಸೀದಾ ಮಗುಚಿದರು. ಹಿಂದೆ ತಗಡು, ಅದಕ್ಕೆ ಅಂಟಿಸಿದ ಗಾಜು. ಸೂಜಿಯ ಕೊಕ್ಕೆಗೆ ತಿರುಗಿಸುವ ಪುಟ್ಟ ಲಾಕ್. ವಿಕ್ಟೋರಿಯಾ ಕಾಲದ ಬ್ರೂಚಿಗೆ ಸಾಮಾನ್ಯವಾಗಿ ಸಿ ಅಕ್ಷರದಂಥ ಬರೀ ಕೊಕ್ಕೆ ಇರುತ್ತದೆ, ಸೂಜಿಯ ತುದಿ ಆಚೆ ಚಾಚಿಕೊಂಡಿರುತ್ತದೆ. ಈ ಥರದ ಲಾಕ್ 20ನೇ ಶತಮಾನದ್ದು. ರಿಪೇರಿಯಲ್ಲಿ ಬದಲಾಯಿಸಿರೋದೂ ಉಂಟು, ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ ಅಂದರು.

ಆಮೇಲೆ ಅಸಲಿ ಒಂದನ್ನು ನನ್ನ ಕೈಗಿಟ್ಟರು. ಅಷ್ಟು ದೊಡ್ಡದು, ಪ್ಲಾಸ್ಟಿಕ್ ಗುಂಡಿಯ ಹಾಗೆ ಹಗುರ! ಸುಮಾರು 18 ಕೋಟಿ ವರ್ಷ ಹಿಂದಿನ ಮರ ನೆಲದೊಳಗೆ ಅದುಮಿ ಅದುಮಿ ಜೆಟ್ ಆಗಿರೋದು. ಮರ ಅಲ್ವಾ, ಮುಟ್ಟಿದರೆ ತಣ್ಣಗೆ ಹತ್ತಲಿಲ್ಲ. ಪ್ರತಿ ದಳದ ಅಡಿಯನ್ನೂ ಕೊರೆದಿದ್ದರು, ಉಗುರು ಒಳಗೆ ಹೋಗುವಷ್ಟು. ನನ್ನ ಗುಲಾಬಿ ಅಚ್ಚಿನಲ್ಲಿ ಒತ್ತಿದ್ದು, ಅಂಚೆಲ್ಲ ದುಂಡು. ಇಷ್ಟು ದಿನ ಅದು ಕಾಣಲೇ ಇಲ್ಲವಲ್ಲ ಅಂತ ನಾಚಿಕೆಯಾಯಿತು.

ಹೊಳಪಿಲ್ಲದ ಪಿಂಗಾಣಿಗೆ ಒರೆ ಹಚ್ಚಿದರೆ ಜೆಟ್ ಕಂದು ಗೆರೆ ಬಿಡುತ್ತದೆ, ಗಾಜು ಬಿಡುವುದಿಲ್ಲ. ಜೆಟ್ ಥರಾನೇ ಕಾಣುವ ವಲ್ಕನೈಟ್ ಅನ್ನೋ ಗಟ್ಟಿ ರಬ್ಬರೂ ಕಂದು ಗೆರೆಯನ್ನೇ ಬಿಡುತ್ತದೆ, ಆದರೆ ಚೆನ್ನಾಗಿ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ಅಂಗಡಿಯಲ್ಲಿ ಅವರ ಮಾಲಿಗೆ ಒರೆ ಹಚ್ಚೋಕೆ ಯಾರು ಬಿಡುತ್ತಾರೆ? ಕೆನ್ನೆಗೆ ಒತ್ತಿಕೊಂಡರೆ ಬೇಡ ಅನ್ನಲ್ಲ.

ಕರಿ ಗಾಜಿನ ಒಡವೆ ಆ ಕಾಲದಲ್ಲೂ ಇತ್ತು, ಫ್ರೆಂಚ್ ಜೆಟ್ ಅಂತಲೇ ಮಾರುತ್ತಿದ್ದರು. ಗಾಜು ಅಂತ ಹೇಳಿ ಗಾಜಿನ ಬೆಲೆ ಕೇಳಿದ್ದರೆ ನನ್ನದೇನೂ ತಕರಾರಿರಲಿಲ್ಲ.

ವಾಪಸ್ ಕೊಡೋಕೆ ಹೋದೆ. "ನಾನು ಕಪ್ಪು ಬ್ರೂಚ್ ಅಂದೆ ಅಷ್ಟೇ" ಅಂದುಬಿಟ್ಟರು. ರಸೀದಿಯಲ್ಲೂ 'ಬ್ರೂಚ್, 140' ಅಂತಷ್ಟೇ ಇತ್ತು. ಇಲ್ಲಿನ 2015ರ ಗ್ರಾಹಕ ಕಾನೂನಿನ ಪ್ರಕಾರ ವ್ಯಾಪಾರಿ ಹೇಳಿದ್ದೊಂದು, ಕೊಟ್ಟದ್ದೊಂದು ಆದರೆ 30 ದಿನದೊಳಗೆ ವಾಪಸ್ ಮಾಡಿ ಪೂರ್ತಿ ದುಡ್ಡು ಕೇಳಬಹುದು. ನನಗೆ ದಿನವೂ ಮೀರಿತ್ತು, ಸಾಕ್ಷಿಯೂ ಇರಲಿಲ್ಲ. ಹಾಗಾಗಿ 'ವಿಟ್‌ಬಿ ಜೆಟ್, ಸುಮಾರು 1860' ಅಂತ ರಸೀದಿಯಲ್ಲೇ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ಅಲ್ಲೇ ಇಟ್ಟು ಬನ್ನಿ.

ಬ್ರೂಚ್ ಈಗ ಶಿವಮೊಗ್ಗದಲ್ಲಿದೆ. ಗಾಜೇ ತಾನೇ, ಸೂತಕ ಏನಿಲ್ಲ ಅಂತ ಅಮ್ಮ ಶಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ.